ಪಹಣಿ ಪುಸ್ತಕದಿಂದ ಕ್ಲೌಡ್‌ವರೆಗೆ: ಕರ್ನಾಟಕದ ಸರ್ಕಾರಿ ದಾಖಲೆಗಳು ನಡೆದು ಬಂದ ದಾರಿ

2000ನೇ ಇಸವಿಯ ಹೊತ್ತಿಗೆ ಕರ್ನಾಟಕದ ಸುಮಾರು 67 ಲಕ್ಷ ಭೂಮಾಲೀಕರ ಎರಡು ಕೋಟಿಯಷ್ಟು ಪಹಣಿಗಳು, ಅಂದರೆ ಜಮೀನಿನ ಹಕ್ಕಿನ ದಾಖಲೆಗಳು, ಹತ್ತಿರ ಹತ್ತಿರ 9,000 ಗ್ರಾಮ ಲೆಕ್ಕಿಗರ ವಶದಲ್ಲಿದ್ದವು. ಒಬ್ಬೊಬ್ಬ ಲೆಕ್ಕಿಗರಿಗೆ ಮೂರು-ನಾಲ್ಕು ಹಳ್ಳಿ. ಪಹಣಿ ಪುಸ್ತಕ ಇರುತ್ತಿದ್ದದ್ದು ಅವರ ಬಳಿ, ಅದರಲ್ಲಿ ಬರೆಯುವ ಪೆನ್ನೂ ಅವರದೇ. ಬೆಳೆ ಸಾಲಕ್ಕೆ ಬ್ಯಾಂಕಿನವರು ಪಹಣಿ ಕೇಳಿದರೆ, ಕೋರ್ಟಿನಲ್ಲಿ ಜಾಮೀನು ನಿಲ್ಲಲು ಪಹಣಿ ಬೇಕಾದರೆ, ಲೆಕ್ಕಿಗರು ಇವತ್ತು ಯಾವ ಊರಲ್ಲಿದ್ದಾರೆ ಎಂದು ವಿಚಾರಿಸುವುದೇ ರೈತನ ಮೊದಲ ಕೆಲಸವಾಗುತ್ತಿತ್ತು.

ಉತ್ತರ ಕರ್ನಾಟಕದಲ್ಲಿ ಉತಾರ ಎನ್ನುವ ಈ ಪಹಣಿಯ ಒಂದು ಹಾಳೆಯನ್ನು ಮುಂದಿಟ್ಟುಕೊಂಡು ನೋಡಿದರೆ ಅದರ ತೂಕ ತಿಳಿಯುತ್ತದೆ. ಕಾಲಂ 9ರಲ್ಲಿ ಸ್ವಾಧೀನದಾರರ ಹೆಸರು. ಪಕ್ಕದಲ್ಲೇ ಆ ಜಮೀನು ಅವರಿಗೆ ಬಂದ ಬಗೆ ಮತ್ತು ಮ್ಯುಟೇಷನ್ (ಹಕ್ಕು ಬದಲಾವಣೆ) ಸಂಖ್ಯೆ. ಕಾಲಂ 11ರಲ್ಲಿ ಬ್ಯಾಂಕಿನ ಸಾಲ, ಇತರೆ ಹಕ್ಕು, ಋಣಗಳು. ಕೈಬರಹದ ಕಾಲದಲ್ಲಿ ಇಲ್ಲೊಂದು ಹೆಸರು ಕಾಟು ಬಿದ್ದು ಮತ್ತೊಂದು ಹೆಸರು ಸೇರಿದರೆ, ಅದನ್ನು ಮಾಡಿದವರು ಯಾರು, ಯಾವತ್ತು, ಯಾರ ಆದೇಶದ ಮೇಲೆ ಎಂದು ಆಮೇಲೆ ಪತ್ತೆ ಹಚ್ಚುವುದು ಬಹಳ ಕಷ್ಟವಾಗಿತ್ತು. ಅಣ್ಣತಮ್ಮಂದಿರ ಎಷ್ಟೋ ವ್ಯಾಜ್ಯಗಳು ಹುಟ್ಟಿದ್ದು ಇಂಥ ಕಾಟುಗಳಿಂದಲೇ.

ಸರ್ಕಾರಿ ಗಣಕೀಕರಣದ ಚರಿತ್ರೆಯನ್ನು ಯಂತ್ರಗಳ ಚರಿತ್ರೆಯಾಗಿ ಬರೆಯುವುದು ರೂಢಿ. ಯಾವ ಸರ್ವರ್ ಬಂತು, ಎಷ್ಟು ಕಚೇರಿಗೆ ಲೈನ್ ಎಳೆದರು, ಎಷ್ಟು ಸೇವೆ ಆನ್‌ಲೈನ್ ಆಯಿತು ಎಂಬ ಲೆಕ್ಕ ಅದರಲ್ಲಿ ಸಿಗುತ್ತದೆ. ಆದರೆ ಕರ್ನಾಟಕದ ಕಾಲು ಶತಮಾನದ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದಾಗ ಎಲ್ಲ ಹಂತಗಳಲ್ಲೂ ಎದುರಾಗುವುದು ಒಂದೇ ಪ್ರಶ್ನೆ: ದಾಖಲೆಯನ್ನು ತಿದ್ದುವ ಅಧಿಕಾರ ಯಾರ ಕೈಯಲ್ಲಿದೆ, ತಿದ್ದಿದ್ದಕ್ಕೆ ಗುರುತು ಉಳಿದಿದೆಯೇ? ದಾಖಲೆ ಪುಸ್ತಕದಿಂದ ತಾಲೂಕಿನ ಸರ್ವರಿಗೆ, ಅಲ್ಲಿಂದ ಬೆಂಗಳೂರಿನ ಡೇಟಾ ಸೆಂಟರಿಗೆ, ಮುಂದೆ ಕ್ಲೌಡ್‌ಗೆ ಹೋದಾಗಲೆಲ್ಲ ಈ ಪ್ರಶ್ನೆಗೆ ಹೊಸದಾಗಿ ಉತ್ತರ ಹುಡುಕಬೇಕಾಯಿತು.

ಮೊದಲ ಪ್ರಯತ್ನ

ಸರ್ಕಾರದ ಒಳಗೆ ಕಂಪ್ಯೂಟರ್ ಬಳಕೆಗೆ ಅಡಿಪಾಯ ಹಾಕಿದ್ದು 1976ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್, ಅಂದರೆ ಎನ್‌ಐಸಿ. ಅದನ್ನು ಕಟ್ಟಿ ಬೆಳೆಸಿದವರು ಎನ್. ಶೇಷಗಿರಿ. 1980ರ ದಶಕದ ಕೊನೆಗೆ ಎನ್‌ಐಸಿ ಉಪಗ್ರಹ ಸಂಪರ್ಕದ ಮೂಲಕ ಜಿಲ್ಲಾ ಕೇಂದ್ರಗಳನ್ನು ದೆಹಲಿಗೆ ಜೋಡಿಸತೊಡಗಿತು. ಕರ್ನಾಟಕದಲ್ಲಿ ಭೂ ದಾಖಲೆ ಗಣಕೀಕರಣದ ಮೊದಲ ಪ್ರಯೋಗ ಕೇಂದ್ರದ ಪೂರ್ಣ ನೆರವಿನಿಂದ 1991ರಲ್ಲಿ ಗುಲ್ಬರ್ಗ ಜಿಲ್ಲೆಯಲ್ಲಿ ಶುರುವಾಯಿತು. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಗಿತ್ತು.

ಅದು ಕೈ ಹಿಡಿಯಲಿಲ್ಲ. ಪಹಣಿಯ ವಿವರಗಳನ್ನು ಒಮ್ಮೆ ಕಂಪ್ಯೂಟರಿಗೆ ತುಂಬಿದರೇ ಹೊರತು, ಆಮೇಲೆ ಆಗುವ ಮಾರಾಟ, ಪಾಲು, ಪೌತಿ ಖಾತೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಆಗುವುದು) ಇವುಗಳನ್ನು ಅದೇ ಕಂಪ್ಯೂಟರಿನಲ್ಲಿ ಸೇರಿಸುವ ವ್ಯವಸ್ಥೆ ಇರಲಿಲ್ಲ. ಲೆಕ್ಕಿಗರ ಪುಸ್ತಕವೇ ಕಾನೂನಿನ ಕಣ್ಣಿನಲ್ಲಿ ಅಸಲಿ ದಾಖಲೆಯಾಗಿ ಮುಂದುವರಿಯಿತು. ಪುಸ್ತಕದಲ್ಲಿ ಬದಲಾವಣೆ ಆಗುತ್ತಲೇ ಹೋಯಿತು, ಕಂಪ್ಯೂಟರಿನಲ್ಲಿದ್ದದ್ದು ಹಳತಾಗುತ್ತಾ ಹೋಯಿತು. ಎರಡು ದಾಖಲೆ ಇದ್ದರೆ ಜನ ನಂಬುವುದು ಕಾನೂನು ಒಪ್ಪಿದ್ದನ್ನೇ.

ಭೂಮಿ

ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ಕಂದಾಯ ಇಲಾಖೆ ಕೈಗೆತ್ತಿಕೊಂಡ 'ಭೂಮಿ' ಯೋಜನೆ ಈ ಗಂಟನ್ನು ಬಿಚ್ಚಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವ ವಹಿಸಿದರು. ಸಾಫ್ಟ್‌ವೇರ್ ಬರೆದದ್ದು ಬೆಂಗಳೂರಿನ ಎನ್‌ಐಸಿ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನಲ್ಲಿ ಪ್ರಯೋಗ ನಡೆಸಿ, 2001ರಿಂದ ತಾಲೂಕು ತಾಲೂಕಿಗೆ ವಿಸ್ತರಿಸುತ್ತಾ ಹೋದರು. ಪ್ರತಿ ತಾಲೂಕಿನ ಪಹಣಿಗಳೆಲ್ಲ ಕನ್ನಡದಲ್ಲೇ ಗಣಕಕ್ಕೆ ಸೇರಿದವು. ಪ್ರಿಂಟ್ ತೆಗೆದ ಪ್ರತಿಗಳನ್ನು ಲೆಕ್ಕಿಗರು ತಮ್ಮ ಪುಸ್ತಕದೊಂದಿಗೆ ತಾಳೆ ನೋಡಿದರು.

ನಿರ್ಣಾಯಕವಾದದ್ದು ಸರ್ಕಾರದ ಆದೇಶ. ಒಂದು ತಾಲೂಕಿನಲ್ಲಿ ಗಣಕೀಕರಣ ಮುಗಿದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಬೆಲೆಯಿಲ್ಲ ಎಂದು ಅಧಿಸೂಚನೆ ಹೊರಡಿಸಲಾಯಿತು. ಮ್ಯುಟೇಷನ್ ಕೂಡ ಸಾಫ್ಟ್‌ವೇರ್ ಮೂಲಕವೇ ಆಗಬೇಕಿತ್ತು. ಎರಡು ದಾಖಲೆಗಳ ಕಾಲ ಅಲ್ಲಿಗೆ ಮುಗಿಯಿತು.

ಭೂಮಿ ಕೇಂದ್ರದ ಕೌಂಟರನ್ನು ಹತ್ತಿರದಿಂದ ನೋಡಿದರೆ ಅದನ್ನು ಕಟ್ಟಿದವರ ಮನಸ್ಸಿನಲ್ಲಿ ಏನಿತ್ತು ಎಂಬುದು ಕಾಣುತ್ತದೆ. ಸಿಬ್ಬಂದಿ ಪಾಸ್‌ವರ್ಡ್ ಜೊತೆಗೆ ಬೆರಳಚ್ಚು ಕೊಟ್ಟೇ ಒಳಹೋಗಬೇಕು. ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಹೇಳಬಹುದು, ಬೆರಳನ್ನು ಎರವಲು ಕೊಡಲಾಗದು. ಒಂದು ಪರದೆ ಸಿಬ್ಬಂದಿ ಕಡೆಗಿದ್ದರೆ ಇನ್ನೊಂದು ಪರದೆ ರೈತನ ಕಡೆಗೆ ತಿರುಗಿರುತ್ತಿತ್ತು, ತನ್ನ ಸರ್ವೆ ನಂಬರಿನಲ್ಲಿ ಏನಿದೆ ಎಂದು ಆತನೂ ಓದಬಹುದಿತ್ತು. ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕು, ಪರಿಚಯದವರ ಕಾಗದವನ್ನು ಮೇಲಕ್ಕೆ ತರಲು ಸಾಫ್ಟ್‌ವೇರ್ ಬಿಡುತ್ತಿರಲಿಲ್ಲ. ಮ್ಯುಟೇಷನ್ ನೋಟಿಸನ್ನೂ ಕಂದಾಯ ನಿರೀಕ್ಷಕರ ಆದೇಶವನ್ನೂ ಸ್ಕ್ಯಾನ್ ಮಾಡಿ ಇಡುತ್ತಿದ್ದರು, ನಾಳೆ 'ನಾನು ಹಾಗೆ ಆದೇಶ ಮಾಡಿಲ್ಲ' ಎನ್ನಲು ಅವಕಾಶವಾಗದಂತೆ. ಆಗ ಪಹಣಿಯ ದರ 15 ರೂಪಾಯಿ ಇತ್ತು.

ಹೀಗೆ ಭದ್ರತೆ ಎಂಬುದು ಭೂಮಿಗೆ ಆಮೇಲೆ ಅಂಟಿಸಿದ ಪದರವಾಗಿರಲಿಲ್ಲ. ಬುನಾದಿಯಲ್ಲೇ ಇತ್ತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ನಡೆಸಿದ ಅಧ್ಯಯನದಲ್ಲಿ, ಹಳೆಯ ಪದ್ಧತಿಯಲ್ಲಿ ಪಹಣಿ ಪಡೆದವರ ಪೈಕಿ ಮೂರನೇ ಎರಡರಷ್ಟು ಜನ ಲಂಚ ಕೊಟ್ಟಿದ್ದಾಗಿ ಹೇಳಿದರೆ, ಭೂಮಿ ಕೇಂದ್ರಗಳನ್ನು ಬಳಸಿದವರಲ್ಲಿ ಆ ಪ್ರಮಾಣ ಶೇ 3ರಷ್ಟಿತ್ತು. 2002ರಲ್ಲಿ ಕಾಮನ್‌ವೆಲ್ತ್ ಆಡಳಿತ ಸಂಘಟನೆ ಕ್ಯಾಪಮ್‌ನ ಬೆಳ್ಳಿ ಪ್ರಶಸ್ತಿಯೂ ಬಂತು.

ಹೊಗಳಿಕೆಯ ಜೊತೆಗೆ ಗಟ್ಟಿಯಾದ ಟೀಕೆಯೂ ಬಂತು, ಅದನ್ನು ಬಿಟ್ಟು ಈ ಚರಿತ್ರೆ ಬರೆಯುವಂತಿಲ್ಲ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ದಾಖಲೆಗಳು ಹಳ್ಳಿಯಿಂದ ತಾಲೂಕು ಕೇಂದ್ರಕ್ಕೆ ಸೇರಿದ್ದರಿಂದ ಬೆಂಗಳೂರಿನ ಸುತ್ತಮುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಕೊಳ್ಳುವವರಿಗೆ ಅನುಕೂಲವಾಯಿತು, ಸಣ್ಣ ರೈತರ ಹಿಡಿತ ಸಡಿಲವಾಯಿತು ಎಂದು ವಾದಿಸಿತು. ದಾಖಲೆಯನ್ನು ಒಂದೆಡೆ ಸೇರಿಸುವುದೆಂದರೆ ಅಧಿಕಾರವನ್ನೂ ಒಂದೆಡೆ ಸೇರಿಸುವುದು. ಕ್ಲೌಡ್‌ನ ಕಾಲಕ್ಕೆ ಈ ಎಚ್ಚರಿಕೆ ಇನ್ನಷ್ಟು ಅನ್ವಯಿಸುತ್ತದೆ.

ತಾಲೂಕಿನಿಂದ ಬೆಂಗಳೂರಿಗೆ

ಭೂಮಿಯ ಬೆನ್ನಿಗೇ ಉಳಿದ ಇಲಾಖೆಗಳೂ ಹೊರಟವು. 2002ರಲ್ಲಿ ಇನ್ನೂರಕ್ಕೂ ಹೆಚ್ಚು ಖಜಾನೆಗಳನ್ನು ಜೋಡಿಸಿದ 'ಖಜಾನೆ', 2003ರಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಗಳಿಗೆ ಸಿ-ಡ್ಯಾಕ್ ರೂಪಿಸಿದ 'ಕಾವೇರಿ', 2005ರಲ್ಲಿ ಬಿಲ್ಲು ಕಟ್ಟುವುದಕ್ಕೆ ಒಂದೇ ಸೂರು ಒದಗಿಸಿದ 'ಬೆಂಗಳೂರು ಒನ್', 2007ರಲ್ಲಿ ಟೆಂಡರುಗಳಿಗೆ ಇ-ಪ್ರೊಕ್ಯೂರ್‌ಮೆಂಟ್ ಬಂದವು. ಹೋಬಳಿ ಕೇಂದ್ರಗಳಲ್ಲಿ ತೆರೆದ 800 'ನೆಮ್ಮದಿ' ಕೇಂದ್ರಗಳು ಜಾತಿ, ಆದಾಯ ಪ್ರಮಾಣಪತ್ರಗಳನ್ನೂ ಪಹಣಿಯನ್ನೂ ಹಳ್ಳಿಗೆ ಹತ್ತಿರ ತಂದವು. ಮುಂದೆ ಅವೇ ಅಟಲ್‌ಜೀ ಜನಸ್ನೇಹಿ ಕೇಂದ್ರಗಳಾದವು. 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 'ಸಕಾಲ' ಪ್ರತಿ ಸೇವೆಗೂ ಗಡುವು ಹಾಕಿತು. ಅರ್ಜಿಯ ಸಂಖ್ಯೆ ಹಿಡಿದು ಅದು ಯಾವ ಮೇಜಿನ ಮೇಲೆ ನಿಂತಿದೆ ಎಂದು ನೋಡಬಹುದಾಯಿತು.

ಇದೆಲ್ಲದರ ಹಿಂದೆ ಕಣ್ಣಿಗೆ ಕಾಣದ ಇನ್ನೊಂದು ಕೆಲಸ ನಡೆದಿತ್ತು. ಮೊದಲಿಗೆ ಪ್ರತಿ ತಾಲೂಕು ಕಚೇರಿಯಲ್ಲೂ ಭೂಮಿಯ ಸ್ವಂತ ಸರ್ವರ್ ಇತ್ತು. 177 ತಾಲೂಕು ಎಂದರೆ 177 ಕಡೆ ಯುಪಿಎಸ್, ಜನರೇಟರ್, ಬ್ಯಾಕಪ್, ವೈರಸ್ ಕಾಟ. ಎಲ್ಲೋ ಒಂದು ಹಾರ್ಡ್ ಡಿಸ್ಕ್ ಕೆಟ್ಟರೆ ಆ ತಾಲೂಕಿನ ಕೌಂಟರ್ ಅಂದು ಬಂದ್. ತಂತ್ರಾಂಶದಲ್ಲಿ ಒಂದು ಲೋಪ ಸರಿಪಡಿಸಬೇಕಾದರೆ ಅಷ್ಟೂ ಕಡೆ ಸರಿಪಡಿಸಬೇಕು. ಇದಕ್ಕೆ ಪರಿಹಾರವಾಗಿ ಉಪಗ್ರಹ ಸಂಪರ್ಕದ ಮೂಲಕ ತಾಲೂಕುಗಳನ್ನು ರಾಜ್ಯದ ಡೇಟಾ ಸೆಂಟರಿಗೆ ಜೋಡಿಸಿದರು. ರಾಜಧಾನಿ, ಜಿಲ್ಲೆ, ತಾಲೂಕುಗಳನ್ನು ಬೆಸೆದ ಕೆಸ್ವಾನ್ ಜಾಲ ಆ ಸಂಪರ್ಕಕ್ಕೆ ಬಲ ಕೊಟ್ಟಿತು. ದಾಖಲೆ ಒಂದೆಡೆ ಸೇರಿದ ಮೇಲೆ ಇಲಾಖೆಗಳು ಪರಸ್ಪರ ಮಾತಾಡಲು ಶುರುಮಾಡಿದವು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾದ ಸುದ್ದಿ ಹಿಂದೆ ಜೆ ಸ್ಲಿಪ್ ಎಂಬ ಕಾಗದವಾಗಿ ತಾಲೂಕು ಕಚೇರಿಗೆ ಹೋಗುತ್ತಿತ್ತು, ಎಷ್ಟೋ ಸಲ ದಾರಿಯಲ್ಲೇ ಉಳಿಯುತ್ತಿತ್ತು. ಕಾವೇರಿ ಮತ್ತು ಭೂಮಿ ಕೂಡಿಕೊಂಡ ಮೇಲೆ ಅದು ಕಂಪ್ಯೂಟರಿನಿಂದ ಕಂಪ್ಯೂಟರಿಗೇ ಹೋಗಿ ಮ್ಯುಟೇಷನ್ ತಾನಾಗಿ ಆರಂಭವಾಯಿತು.

ಕ್ಲೌಡ್ ಬೇಕಾದದ್ದು ಏಕೆ

ಡೇಟಾ ಸೆಂಟರಿಗೂ ಒಂದು ಮಿತಿ ಇತ್ತು. ಯಾವ ಯೋಜನೆಗೆ ಎಷ್ಟು ಸರ್ವರ್ ಬೇಕು ಎಂದು ಮೊದಲೇ ಅಂದಾಜು ಮಾಡಿ, ಟೆಂಡರ್ ಕರೆದು, ಯಂತ್ರ ಕೊಂಡು, ಅಳವಡಿಸುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. ಅಂದಾಜು ಹೆಚ್ಚಾದರೆ ಯಂತ್ರ ಸುಮ್ಮನೆ ಕೂರುತ್ತದೆ, ಕಡಿಮೆಯಾದರೆ ಜನ ಕಾಯುತ್ತಾರೆ.

ಜನರ ಒತ್ತಡವಂತೂ ಹೇಳಿ ಕೇಳಿ ಬರುವುದಿಲ್ಲ. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ನಡುವೆ ಹೊರರಾಜ್ಯಗಳಿಂದ ಊರಿಗೆ ಬರುವವರು, ಇಲ್ಲಿಂದ ತಮ್ಮ ಊರಿಗೆ ಹೊರಟ ವಲಸೆ ಕಾರ್ಮಿಕರು ಎಲ್ಲರೂ 'ಸೇವಾ ಸಿಂಧು' ಪೋರ್ಟಲಿನಲ್ಲೇ ಹೆಸರು ನೋಂದಾಯಿಸಬೇಕಾಯಿತು. ಪ್ರಮಾಣಪತ್ರ, ಪರವಾನಗಿಗಳ ಅರ್ಜಿಗೆಂದು ಕಟ್ಟಿದ ಪೋರ್ಟಲು ದಿನ ಬೆಳಗಾಗುವುದರೊಳಗೆ ಸಾವಿರಾರು ಸಂಸಾರಗಳ ಪಯಣದ ಬಾಗಿಲಾಯಿತು. 2023ರ ಜೂನ್‌ನಲ್ಲಿ ಉಚಿತ ವಿದ್ಯುತ್ತಿನ 'ಗೃಹಜ್ಯೋತಿ', ಜುಲೈನಲ್ಲಿ ಮಹಿಳೆಯರಿಗೆ ತಿಂಗಳ ನೆರವಿನ 'ಗೃಹಲಕ್ಷ್ಮಿ' ಯೋಜನೆಗಳ ಅರ್ಜಿ ಶುರುವಾದಾಗ ಇದೇ ಪರೀಕ್ಷೆ ಮತ್ತೆ ಬಂತು. ಗೃಹಲಕ್ಷ್ಮಿಯೊಂದಕ್ಕೇ ನೋಂದಾಯಿಸಿಕೊಂಡ ಮಹಿಳೆಯರು ಒಂದು ಕೋಟಿಗೂ ಹೆಚ್ಚು. ಗ್ರಾಮ ಒನ್, ಬೆಂಗಳೂರು ಒನ್ ಕೇಂದ್ರಗಳ ಮುಂದೆ ಸಾಲುಗಟ್ಟಿ ನಿಂತವರ ಬಾಯಲ್ಲಿ 'ಸರ್ವರ್ ಡೌನ್' ಎಂಬ ಮಾತು ದಿನನಿತ್ಯದ್ದಾಯಿತು.

ಕ್ಲೌಡ್ ಉತ್ತರ ಕೊಡುವುದು ಇಂಥ ಕಡೆ. ಅಲ್ಲಿ ಸಾವಿರಾರು ಯಂತ್ರಗಳ ಶಕ್ತಿಯನ್ನು ಒಟ್ಟು ಮಾಡಿ, ಯಾರಿಗೆ ಯಾವಾಗ ಎಷ್ಟು ಬೇಕೋ ಅಷ್ಟನ್ನು ಕೆಲವೇ ನಿಮಿಷಗಳಲ್ಲಿ ಹಂಚುತ್ತಾರೆ. ಒತ್ತಡ ಇಳಿದಾಗ ವಾಪಸು ಪಡೆಯುತ್ತಾರೆ. ಬಳಸಿದಷ್ಟಕ್ಕೆ ಬಿಲ್ಲು. ಕೇಂದ್ರ ಸರ್ಕಾರ 'ಮೇಘರಾಜ್' ಎಂಬ ಹೆಸರಿನಲ್ಲಿ ಈ ದಾರಿ ಹಿಡಿಯಿತು. ಎನ್‌ಐಸಿಯ ನ್ಯಾಷನಲ್ ಕ್ಲೌಡ್ 2014ರ ಫೆಬ್ರುವರಿಯಲ್ಲಿ ಆರಂಭವಾಯಿತು. ಖಾಸಗಿ ಕ್ಲೌಡ್ ಕಂಪನಿಗಳಿಗೂ ಬಾಗಿಲು ತೆರೆಯಿತು, ಆದರೆ ಷರತ್ತಿನ ಮೇಲೆ: ಸರ್ಕಾರದ ದತ್ತಾಂಶ ಭಾರತದ ನೆಲದಲ್ಲೇ ಇರಬೇಕು, ಕೇಂದ್ರದ ಪರೀಕ್ಷಾ ಸಂಸ್ಥೆ ಎಸ್‌ಟಿಕ್ಯುಸಿ ನಡೆಸುವ ತಪಾಸಣೆಯಲ್ಲಿ ಗೆದ್ದವರಿಗಷ್ಟೇ ಪಟ್ಟಿಯಲ್ಲಿ ಜಾಗ.

ನೋಂದಣಿ ಇಲಾಖೆಯ 'ಕಾವೇರಿ 2.0' ಈ ಹೊಸ ಪೀಳಿಗೆಯ ತಂತ್ರಾಂಶ. ಸೆಂಟರ್ ಫಾರ್ ಸ್ಮಾರ್ಟ್ ಗವರ್ನೆನ್ಸ್ ರೂಪಿಸಿದ ಇದನ್ನು 2023ರಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲಿ ಪ್ರಯೋಗಕ್ಕೆ ಇಟ್ಟು, ಕೆಲವೇ ತಿಂಗಳಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿದರು. ಕ್ರಯಪತ್ರದ ವಿವರವನ್ನು ಜನ ಮನೆಯಿಂದಲೇ ತುಂಬುತ್ತಾರೆ. ಸಬ್‌ರಿಜಿಸ್ಟ್ರಾರ್ ಅದನ್ನು ಮೊದಲೇ ಪರಿಶೀಲಿಸುತ್ತಾರೆ. ಶುಲ್ಕ ಆನ್‌ಲೈನಿನಲ್ಲಿ ಖಜಾನೆಗೆ ಹೋಗುತ್ತದೆ. ಕಚೇರಿಗೆ ಹೋಗಬೇಕಾದದ್ದು ಕಾಯ್ದಿರಿಸಿದ ಹೊತ್ತಿನಲ್ಲಿ ಫೋಟೊ, ಹೆಬ್ಬೆರಳಿನ ಗುರುತು ಕೊಡಲು ಮಾತ್ರ.

ಮೂರು ಪೆಟ್ಟು, ಮೂರು ಪಾಠ

ದಾಖಲೆ ಎಲ್ಲಿಂದ ಬೇಕಾದರೂ ಕಾಣುವಂತಾದಾಗ ಕಳ್ಳನಿಗೂ ಎಲ್ಲಿಂದ ಬೇಕಾದರೂ ಕಾಣುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ರಾಜ್ಯ ತಿಂದ ಮೂರು ಪೆಟ್ಟುಗಳು ಮೂರು ಬಗೆಯವು.

ಮೊದಲನೆಯದು 2019ರದು. ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಗೆ ನುಗ್ಗಿದವರು, ಟೆಂಡರ್ ಹಾಕಿದವರಿಗೆ ವಾಪಸಾಗಬೇಕಿದ್ದ ಇಎಂಡಿ ಠೇವಣಿಯ ಸುಮಾರು 11.5 ಕೋಟಿ ರೂಪಾಯಿಯನ್ನು ಬೇರೆ ಖಾತೆಗಳಿಗೆ ಹರಿಸಿಕೊಂಡರು. ಸಿಐಡಿ ತನಿಖೆ ನಡೆಯಿತು. ಇದು ಒಳಗೆ ಹೊಕ್ಕು ದಾಖಲೆಯನ್ನೇ ಬದಲಾಯಿಸಿದ ಅಪರಾಧ. ಲೆಕ್ಕಿಗರ ಪುಸ್ತಕದಲ್ಲಿ ಕದ್ದು ಕಾಟು ಹಾಕುವುದರ ಇಂದಿನ ರೂಪ. ಇಂದು ರಾಜ್ಯದ ಟೆಂಡರುಗಳು ಕೆಪಿಪಿಪಿ ಎಂಬ ಹೊಸ ಪೋರ್ಟಲಿನಲ್ಲಿ ನಡೆಯುತ್ತಿವೆ.

ಎರಡನೆಯದರಲ್ಲಿ ಯಾರೂ ಬೀಗ ಮುರಿಯಲಿಲ್ಲ. 2023ರಲ್ಲಿ ದಕ್ಷಿಣ ಕನ್ನಡದಲ್ಲಿ ಹಲವರ ಬ್ಯಾಂಕ್ ಖಾತೆಯಿಂದ, ಅವರಿಗೆ ಗೊತ್ತಿಲ್ಲದೆ, ಒಟಿಪಿಯೂ ಬಾರದೆ ಹಣ ಹೋಯಿತು. ನೋಂದಣಿಯಾದ ಆಸ್ತಿ ಪತ್ರಗಳನ್ನು ಪೋರ್ಟಲಿನಿಂದ ಇಳಿಸಿಕೊಂಡು, ಅದರಲ್ಲಿದ್ದ ಹೆಬ್ಬೆರಳಿನ ಗುರುತು ಮತ್ತು ಆಧಾರ್ ಸಂಖ್ಯೆ ಬಳಸಿ, ಆಧಾರ್ ಆಧಾರಿತ ಪಾವತಿಯ ಮೂಲಕ ಹಣ ತೆಗೆಯುವ ಜಾಲವೊಂದನ್ನು ಮಂಗಳೂರು ಪೊಲೀಸರು ಭೇದಿಸಿದರು. ಪತ್ರದ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಡುವ ಕ್ರಮ ಆಮೇಲೆ ಬಂತು. ಭೂಮಿ ಕೌಂಟರಿನಲ್ಲಿ ಸಿಬ್ಬಂದಿಯನ್ನು ಕಟ್ಟಿಹಾಕಿದ ಅದೇ ಬೆರಳಚ್ಚು, ಎಲ್ಲರಿಗೂ ಕಾಣುವ ಪಿಡಿಎಫ್‌ನಲ್ಲಿ ಬಂದಾಗ ಕಳ್ಳನ ಕೀಲಿಯಾಯಿತು. ಯಾವುದನ್ನು ತೋರಿಸಬೇಕು, ಯಾವುದನ್ನು ತೋರಿಸಬಾರದು ಎಂದು ತೀರ್ಮಾನಿಸುವುದೂ ಭದ್ರತೆಯ ಕೆಲಸವೇ.

ಮೂರನೆಯದರಲ್ಲಿ ಕದಿಯುವ ಗೋಜಿಗೇ ಹೋಗಲಿಲ್ಲ, ಬಾಗಿಲಿಗೆ ಅಡ್ಡ ನಿಂತರು. 2025ರ ಜನವರಿಯಲ್ಲಿ ಕಾವೇರಿ 2.0 ಪದೇ ಪದೇ ನಿಧಾನವಾಗಿ, ಫೆಬ್ರುವರಿ ಮೊದಲ ದಿನಗಳಲ್ಲಿ ನೋಂದಣಿ ಬಹುತೇಕ ನಿಂತೇ ಹೋಯಿತು. ತನಿಖೆ ಮಾಡಿದಾಗ ಡಿಡಾಸ್ ದಾಳಿ, ಅಂದರೆ ನಕಲಿ ಕೋರಿಕೆಗಳನ್ನು ರಾಶಿ ಹಾಕಿ ಸೇವೆ ಕಟ್ಟಿಹಾಕುವ ದಾಳಿ ಎಂದು ಗೊತ್ತಾಯಿತು. 62 ಖಾತೆಗಳು, 14 ಐಪಿ ವಿಳಾಸಗಳಿಂದ, ಎರಡೇ ಗಂಟೆಯಲ್ಲಿ 6.2 ಲಕ್ಷ ನಕಲಿ ಕೋರಿಕೆಗಳು ಬಂದಿದ್ದವು, ಅದೂ ಋಣಭಾರ ಪ್ರಮಾಣಪತ್ರ ಹುಡುಕುವ ಪುಟಕ್ಕೆ. ಮದುವೆಗೆಂದು ನಿವೇಶನ ಮಾರಲು ದಿನ ಗೊತ್ತು ಮಾಡಿಕೊಂಡವರು, ಮನೆ ಸಾಲದ ಚೆಕ್ ಹಿಡಿದು ಬಂದವರು ಎಲ್ಲರೂ ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಕಾದರು. ದಾಖಲೆ ಸುರಕ್ಷಿತವಾಗಿದ್ದರೂ ಬೇಕಾದಾಗ ಸಿಗದಿದ್ದರೆ ಜನರಿಗೆ ನಷ್ಟವೇ.

ಕಾವಲಿನ ವ್ಯವಸ್ಥೆ

ಈ ವಿಷಯದಲ್ಲಿ ಕರ್ನಾಟಕ ಬೇಗನೆ ಎಚ್ಚೆತ್ತ ರಾಜ್ಯ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಬೆಂಗಳೂರಿನಲ್ಲಿ ತೆರೆದದ್ದು 2001ರಲ್ಲಿ, ಭೂಮಿ ತಾಲೂಕುಗಳಿಗೆ ಹಬ್ಬುತ್ತಿದ್ದ ವರ್ಷವೇ. ಐಐಎಸ್‌ಸಿಯ ಆಶ್ರಯದಲ್ಲಿ ನಡೆಯುವ ಸೈಬರ್ ಭದ್ರತಾ ಕೇಂದ್ರ ಸೈಸೆಕ್ ತರಬೇತಿ, ಸಂಶೋಧನೆಗಳಿಗೆ ನೆರವಾಗುತ್ತಿದೆ. 2024ರಲ್ಲಿ ರಾಜ್ಯಕ್ಕೆ ಪ್ರತ್ಯೇಕ ಸೈಬರ್ ಭದ್ರತಾ ನೀತಿಯೂ ಬಂತು. ರಾಷ್ಟ್ರಮಟ್ಟದಲ್ಲಿ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ದಾಳಿಯಾದದ್ದು ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಕಾಪಾಡಬೇಕು.

ಲಾಗ್ ಎಂದರೆ ಯಾರು ಯಾವ ಕ್ಷಣದಲ್ಲಿ ಒಳಬಂದರು, ಏನನ್ನು ಮುಟ್ಟಿದರು ಎಂಬುದರ ಪಟ್ಟಿ. ಕೈಬರಹದ ಪಹಣಿ ಎಂದೂ ಕೊಡಲಾಗದಿದ್ದ ಉತ್ತರ ಇದರಲ್ಲಿದೆ. ಆದರೆ ಅದನ್ನು ಓದುವವರು ಬೇಕು. ಕ್ಲೌಡ್‌ಗೆ ಹೋದ ಮಾತ್ರಕ್ಕೆ ಇಲಾಖೆಯ ಹೊಣೆ ಕಳೆಯುವುದಿಲ್ಲ. ಕಟ್ಟಡ, ಯಂತ್ರ, ವಿದ್ಯುತ್ತು, ಜಾಲ ಇವುಗಳ ರಕ್ಷಣೆ ಕ್ಲೌಡ್ ಒದಗಿಸುವವರದು. ಯಾರಿಗೆ ಲಾಗಿನ್ ಕೊಡಬೇಕು, ಯಾವ ಹುದ್ದೆಗೆ ಎಷ್ಟು ಅಧಿಕಾರ, ವರ್ಗವಾದವರ ಡಿಜಿಟಲ್ ಸಹಿಯನ್ನು ಯಾವತ್ತು ರದ್ದು ಮಾಡಬೇಕು, ಯಾವ ಮಾಹಿತಿಯನ್ನು ಸಾರ್ವಜನಿಕರಿಗೆ ತೆರೆಯಬೇಕು ಎಂಬುದೆಲ್ಲ ಇಲಾಖೆಯದೇ. ಮಂಗಳೂರಿನ ಪ್ರಕರಣವನ್ನು ಎಷ್ಟು ಒಳ್ಳೆಯ ಕ್ಲೌಡ್ ಕೂಡ ತಡೆಯುತ್ತಿರಲಿಲ್ಲ.

ಮುಂದಿರುವ ಕೆಲಸ

ಕಂದಾಯ ಇಲಾಖೆ ಈಗ 'ಭೂ ಸುರಕ್ಷಾ' ಯೋಜನೆಯಡಿ ತಾಲೂಕು ಕಚೇರಿಗಳ ರೆಕಾರ್ಡ್ ರೂಮುಗಳಿಗೆ ಕೈ ಹಾಕಿದೆ. 2024ರಲ್ಲಿ ಜಿಲ್ಲೆಗೊಂದು ತಾಲೂಕಿನಂತೆ ಆರಂಭಿಸಿ ಎಲ್ಲೆಡೆ ವಿಸ್ತರಿಸಿದ ಈ ಕೆಲಸದಲ್ಲಿ ಹಳೆಯ ಮಂಜೂರಾತಿ ಕಡತ, ಮ್ಯುಟೇಷನ್ ರಿಜಿಸ್ಟರ್, ಕೈಬರಹದ ಪಹಣಿಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡುತ್ತಿದ್ದಾರೆ. ಅಂಚು ಮುರಿದ ಕಾಗದವನ್ನು ಬಿಡಿಸಿ, ಧೂಳು ಕೊಡವಿ, ಪುಟದ ಸಂಖ್ಯೆ ಹಾಕಿ, ಪಟ್ಟಿ ಮಾಡಿ, ಆಮೇಲೆ ಸ್ಕ್ಯಾನರಿಗೆ ಇಡಬೇಕು. ಕಡತದಿಂದ ಹಾಳೆ ಕಿತ್ತು ಹೊಸದನ್ನು ಸೇರಿಸುವ ಹಳೆಯ ಚಾಳಿಗೆ ಇದು ದೊಡ್ಡ ತಡೆ. ಗಣಕೀಕೃತ ಪಹಣಿಯಲ್ಲಿ ವಿವಾದ ಬಂದಾಗ ನ್ಯಾಯಾಲಯ ಹಿಂದಿರುಗುವುದು ಈ ಮೂಲ ಕಡತಗಳಿಗೇ.

ಅದೇ 2024ರ ಸೆಪ್ಟೆಂಬರ್‌ನಲ್ಲಿ ಗ್ರಾಮ ಆಡಳಿತಾಧಿಕಾರಿಗಳು, ಅಂದರೆ ಹಿಂದಿನ ಗ್ರಾಮ ಲೆಕ್ಕಿಗರು, ಮುಷ್ಕರಕ್ಕೆ ಇಳಿದರು. ಒಂದರ ಮೇಲೊಂದು ಆ್ಯಪ್‌ಗಳ ಕೆಲಸ ಹೇರಲಾಗಿದೆ, ಅದಕ್ಕೆ ಬೇಕಾದ ಲ್ಯಾಪ್‌ಟಾಪ್, ಇಂಟರ್‌ನೆಟ್ಟು, ಕೂರಲು ಸರಿಯಾದ ಕಚೇರಿ ಇಲ್ಲ ಎಂಬುದು ಅವರ ಬೇಡಿಕೆಗಳಲ್ಲಿ ಮುಖ್ಯವಾದದ್ದು. ಇದನ್ನು ನೌಕರರ ಸವಲತ್ತಿನ ಪ್ರಶ್ನೆ ಎಂದಷ್ಟೇ ನೋಡುವುದು ತಪ್ಪು. ಸರ್ಕಾರಿ ದಾಖಲೆಯನ್ನು ಸ್ವಂತ ಫೋನಿನಲ್ಲಿ, ಮನೆಮಂದಿಯೂ ಬಳಸುವ ಯಂತ್ರದಲ್ಲಿ ತೆರೆಯಬೇಕಾಗಿ ಬಂದರೆ ಡೇಟಾ ಸೆಂಟರಿನ ಸುತ್ತ ಎಷ್ಟು ಗೋಡೆ ಕಟ್ಟಿದರೂ ದಾಳಿಗೆ ದಾರಿ ಉಳಿಯುತ್ತದೆ. 2001ರಲ್ಲಿ ತಾಲೂಕಿನ ಕೌಂಟರಿಗೆ ಬೆರಳಚ್ಚು ಯಂತ್ರ ಕೊಂಡಷ್ಟೇ ಕಾಳಜಿಯಿಂದ ಇಂದು ಹಳ್ಳಿಯ ಅಧಿಕಾರಿಯ ಕೈಗೆ ಸುರಕ್ಷಿತ ಸಾಧನ, ತರಬೇತಿ ಮತ್ತು ತೊಂದರೆಯಾದಾಗ ಕರೆದರೆ ಎತ್ತುವ ಸಹಾಯವಾಣಿ ಕೊಡಬೇಕು. ಕ್ಲೌಡ್‌ಗೆ ಮೀಸಲಿಡುವ ಹಣದಲ್ಲಿ ಇದಕ್ಕೂ ಒಂದು ಪಾಲು ಮೊದಲೇ ಬರೆದಿಡಬೇಕು. ಪೌತಿ ಖಾತೆಯ ಅರ್ಜಿ ಹಿಡಿದು ಬರುವ ಕುಟುಂಬ ಮೊದಲು ಭೇಟಿಯಾಗುವುದು ಈ ಅಧಿಕಾರಿಯನ್ನೇ. ಸ್ಥಳಕ್ಕೆ ಹೋಗಿ ವಿಚಾರಿಸಿ ವರದಿ ಕೊಡುವವರೂ ಅವರೇ.